ಕಾರಖಾನೆಗೆ ಕಬ್ಬು, ಗಂಗಾಳಕ್ಕೇನು?

2019ರ ಆಗಸ್ಟ ತಿಂಗಳ ಮಹಾಪೂರ ಇಳಿದು ಸಾಲಿ ಮತ್ತೆ ತೆರೆದ ಮೇಲೆ, ಒಂದು ದಿನ ನಾವು ಪಾಠವನ್ನು ಬದಿಗಿಟ್ಟು ಹಲಗೆಯ ನಡುವೆ ಒಂದು ಗೆರೆ ಎಳೆದೆವು. ಒಂದು ಕಡೆಗೆ ‘ಹೊಲದ್ದು’, ಇನ್ನೊಂದು ಕಡೆಗೆ ‘ಅಂಗಡಿಯದು’ ಎಂದು ಬರೆದು, ನಿನ್ನೆ ಮನೆಯಲ್ಲಿ ಉಂಡದ್ದನ್ನೆಲ್ಲ ಹೇಳಿರೆಂದು ಮಕ್ಕಳಿಗೆ ಹೇಳಿದೆವು. ಕೂತವರೆಲ್ಲ ಒಕ್ಕಲ ಮಕ್ಕಳೇ. ಅಕ್ಕಿ, ಗೋದಿಹಿಟ್ಟು, ತೊಗರಿಬೇಳೆ, ಎಣ್ಣೆ, ಬಟಾಟಿ, ಉಳ್ಳಾಗಡ್ಡಿ, ಖಾರಪುಡಿ, ಚಹಪುಡಿ ಎಂದು ಅಂಗಡಿಯ ಪಟ್ಟಿ ಹಲಗೆಯ ಕೆಳಗಿನ ಅಂಚು ಮುಟ್ಟಿತು. ಹೊಲದ ಪಟ್ಟಿಯಲ್ಲಿ ಹಾಲು ಮತ್ತು ಒಬ್ಬ ಹುಡುಗಿಯ ಹಿತ್ತಲಿನ ಕರಿಬೇವು, ಇಷ್ಟೇ. ಕಡೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಗುರೂಜಿ, ಸಕ್ರಿ ನಮ್ಮ ಹೊಲದ್ದರಿ” ಎಂದ. ಪಕ್ಕದವನು ತಟ್ಟನೆ, “ಅದೂ ಕಾರಖಾನಿಯಿಂದ ಚೀಲದಾಗ ಬರ್ತದಲೇ” ಎಂದ. ವರ್ಗವೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ. ಆ ಹಲಗೆಯ ಮೇಲಿನ ಲೆಕ್ಕ ನಮ್ಮ ಮನೆಯ ಲೆಕ್ಕವೂ ಆಗಿತ್ತು.

ಅದಕ್ಕೆ ಕೆಲವೇ ದಿನ ಮುಂಚೆ ಆ ಲೆಕ್ಕದ ಪೆಟ್ಟು ನಮಗೆ ತಗಲಿತ್ತು. ಮಲಿಕವಾಡ-ದತ್ತವಾಡ ಸೇತುವೆ ಮಳೆಗಾಲದಲ್ಲಿ ದೂಧಗಂಗೆಯ ಅಡಿಯಲ್ಲಿ ಹೋಗುವದು ನಮ್ಮ ಕಡೆಯವರಿಗೆ ಹೊಸದಲ್ಲ. ಆದರೆ ಆ ಸಲ ಶಿರೋಳ ತಾಲೂಕಿನ ಹಾದಿಗಳೆಲ್ಲ ಒಂದರ ಹಿಂದೊಂದು ನೀರಿನಡಿ ಹೋದವು. ಅಂಗಡಿಗೆ ಮಾಲು ಬರುವದು ನಿಂತಿತು. ಮೂರನೆಯ ದಿನಕ್ಕೆ ನಮ್ಮ ಮನೆಯ ಹಿಟ್ಟಿನ ಡಬ್ಬಿಯ ತಳ ಕಂಡಿತು. ನಾಲ್ಕೂ ಕಡೆಗೆ ಕಣ್ಣು ಹರಿದಷ್ಟು ಕಬ್ಬು, ಒಲೆಯ ಮೇಲೆ ಇಡಲಿಕ್ಕೆ ಏನೂ ಇಲ್ಲ. ಪರಿಹಾರದವರು ತಂದುಕೊಟ್ಟ ಅಕ್ಕಿ-ಬೇಳೆಯ ಪೊಟ್ಟಣವನ್ನು ಬಿಚ್ಚುತ್ತ ನಮ್ಮ ಅವ್ವ, “ಕರಿ ಮಣ್ಣಿನಾಗ ಹುಟ್ಟಿ ಕಂಡವರ ಕಾಳಿಗೆ ಕೈ ಒಡ್ಡೂ ಹಂಗಾತಲ್ಲಪಾ” ಎಂದಳು. ಆ ಮಾತಿಗೆ ಉತ್ತರ ಕೊಡಲು ನಮಗೆ ಐದಾರು ವರ್ಷ ಹಿಡಿದಿವೆ. ಆ ಉತ್ತರವನ್ನೇ, ಅದರಲ್ಲಿ ನಾವು ಎಡವಿದ ಸಂಗತಿಗಳನ್ನೂ ಕೂಡಿಸಿ, ವಾಚಕ ಬಂಧುಗಳ ಮುಂದೆ ಇಡುವೆವು.

ಅಕ್ಕಡಿ ಹೋಯಿತು, ಸಾಲು ಒಂದೇ ಉಳಿಯಿತು

ನಮ್ಮ ಅಜ್ಜಂದಿರ ಕಾಲದ ಹೊಲದಲ್ಲಿ ಒಂದೇ ಬೆಳೆ ಎಂಬುದು ಇರಲಿಲ್ಲ. ಜೋಳದ ನಾಲ್ಕಾರು ಸಾಲಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ತೊಗರಿ ಇಲ್ಲವೆ ಕುಸುಬಿ. ಬದುವಿಗೆ ಪುಂಡಿ, ಎಳ್ಳು, ಗುರೆಳ್ಳು. ನಡುನಡುವೆ ಅಲಸಂದಿ, ಮಡಿಕೆ, ಸವತಿ. ಹರಗುವಾಗ ಸಿಕ್ಕ ಹಕ್ಕರಕಿ, ಗೋಳಿ, ಕಿರಕಸಾಲಿ ಪಲ್ಯವನ್ನು ಹೆಣ್ಣುಮಕ್ಕಳು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಮಳೆ ಒಂದು ಬೆಳೆಗೆ ಕೈಕೊಟ್ಟರೆ ಇನ್ನೊಂದಕ್ಕೆ ಆದೀತು, ಹುಳ ಒಂದನ್ನು ತಿಂದರೆ ಇನ್ನೊಂದು ಉಳಿದೀತು ಎಂಬ ಧೈರ್ಯವಿತ್ತು. ಭೂಮಿಗೂ ಇದು ಹಿತವಾಗಿತ್ತು. ಹೆಸರು, ತೊಗರಿ, ಅಲಸಂದಿಗಳ ಬೇರಿನಲ್ಲಿರುವ ಗಂಟುಗಳು ಗಾಳಿಯಲ್ಲಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವವು. ಹೆಸರಿನ ಗಿಡವೊಂದನ್ನು ಮೆಲ್ಲಗೆ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಒಡೆದು ಅದರೊಳಗಿನ ಕೆಂಪು ಬಣ್ಣ ತೋರಿಸಿದರೆ ಮಕ್ಕಳು ಈ ಪಾಠವನ್ನು ಜನ್ಮದಲ್ಲಿ ಮರೆಯುವದಿಲ್ಲ.

ಹೊಳೆಯ ನೀರು ಪೈಪಿನಲ್ಲಿ ಹೊಲಕ್ಕೆ ಬಂದಿತು; ನೀರಿನ ಬೆನ್ನಿಗೆ ಕಬ್ಬು ಬಂದಿತು. ಕಬ್ಬನ್ನು ನಾವು ಬಯ್ಯುವದಿಲ್ಲ. ನಮ್ಮ ಹಂಚಿನ ಮನೆ, ನಮ್ಮ ತರಬೇತಿಯ ಖರ್ಚು, ತಂಗಿಯ ಮದುವೆ ಎಲ್ಲ ಕಬ್ಬಿನ ಬಿಲ್ಲಿನಿಂದಲೇ ಆದವು. ಆದರೆ ಕಬ್ಬು ಹೊಲದಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳು ನಿಲ್ಲುವ ಬೆಳೆ. ಅದು ಕುಡಿಯುವ ನೀರು 1500ರಿಂದ 2500 ಮಿಲಿಮೀಟರ. ಜೋಳಕ್ಕೆ 450ರಿಂದ 650 ಸಾಕು. ವರ್ಷಗಟ್ಟಲೆ ನೀರು ಹರಿಸಿದ ಕರಿ ಭೂಮಿಯಲ್ಲಿ ಕೆಳಗಿನ ಉಪ್ಪು ಮೇಲೆ ಏರುವದು. ಇದಕ್ಕೇ ಸವಳು-ಜವಳು ಎನ್ನುವರು. ನಮ್ಮ ಶಿರೋಳ ತಾಲೂಕಿಗೆ ಇದರ ಕಾಟ ಎಷ್ಟೆಂದರೆ, ಶಿರೋಳದ ದತ್ತ ಸಹಕಾರಿ ಸಕ್ಕರೆ ಕಾರಖಾನೆಯವರು ರೈತರನ್ನು ಕೂಡಿಸಿ, ನೆಲದಡಿಯಲ್ಲಿ ತೂತಿನ ಕೊಳವೆ ಹೂಳಿ, ಉಪ್ಪುನೀರು ಬಸಿದು ತೆಗೆಯುವ ಕೆಲಸವನ್ನೇ ಕೈಕೊಂಡಿರುವರು. ನಮ್ಮ ಹೊಲದ ತಗ್ಗಿನ ಮೂಲೆಯಲ್ಲೂ ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಬಿಳುಪು ಕಾಣತೊಡಗಿತ್ತು. ಮನೆಯ ಗಂಗಾಳ ಬರಿದಾದದ್ದು, ಹೊಲದ ಮೂಲೆ ಬೆಳ್ಳಗಾದದ್ದು ಎರಡೂ ಒಂದೇ ರೋಗದ ಎರಡು ಗುರುತುಗಳೆಂದು ನಮಗೆ ಆಗ ಹೊಳೆಯಿತು.

ಗಂಗಾಳದ ಲೆಕ್ಕ

ನಾವು ಮಾಸ್ತರಿಕೆಯವರು, ಲೆಕ್ಕ ಮಾಡದೆ ಸಮಾಧಾನವಿಲ್ಲ. ಒಬ್ಬ ಮನುಷ್ಯನಿಗೆ ದಿನಕ್ಕೆ ಏನೆಷ್ಟು ಬೇಕೆಂಬುದನ್ನು ಹೈದರಾಬಾದದ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹೇಳಿರುವರು. 2024ರ ಅವರ ಮಾರ್ಗಸೂಚಿಯ ಪ್ರಕಾರ ದಿನವೊಂದಕ್ಕೆ ಕಾಳು-ಧಾನ್ಯ 250 ಗ್ರಾಂ, ಬೇಳೆ 85 ಗ್ರಾಂ, ಕಾಯಿಪಲ್ಯ 400 ಗ್ರಾಂ, ಹಣ್ಣು 100 ಗ್ರಾಂ. ಇದಲ್ಲದೆ ಹಾಲು, ಎಣ್ಣೆ, ಶೇಂಗಾ-ಎಳ್ಳಿನಂಥವು. ಐದು ಜನರ ಮನೆಗೆ ಇದನ್ನು ಗುಣಿಸಿರಿ. ದಿನಕ್ಕೆ ಕಾಯಿಪಲ್ಯ ಎರಡು ಕಿಲೋ, ವರ್ಷಕ್ಕೆ 730 ಕಿಲೋ. ಬೇಳೆ ವರ್ಷಕ್ಕೆ 155 ಕಿಲೋ. ಧಾನ್ಯ ವರ್ಷಕ್ಕೆ ನಾಲ್ಕೂವರೆ ಕ್ವಿಂಟಲು.

ಈ ಲೆಕ್ಕವನ್ನು ನೋಡಿ ನಮ್ಮ ಮನೆಯವರು ಕೇಳಿದ ಪ್ರಶ್ನೆ ಬಹಳ ದೊಡ್ಡದು. “ದಿನಕ್ಕ ಎರಡು ಕಿಲೋ ಪಲ್ಯಾ ನಾವು ಯಾವಾಗ ತಂದೀವ್ರಿ?” ನಿಜ, ತಂದಿರಲಿಲ್ಲ. ಸಂತೆಯಿಂದ ವಾರಕ್ಕೆ ನಾಲ್ಕೈದು ಕಿಲೋ ತಂದರೆ ಹೆಚ್ಚು. ಅದರಲ್ಲಿ ಅರ್ಧ ಬಟಾಟಿ-ಉಳ್ಳಾಗಡ್ಡಿ. ಕೊಳ್ಳುವ ಪಲ್ಯ ತೂಕದ ಪಲ್ಯ; ಕೈ ತಾನಾಗಿ ಹಿಡಿತಕ್ಕೆ ಬರುವದು. ಹಿತ್ತಲಿನ ಪಲ್ಯ ಉಡಿಯ ಪಲ್ಯ. ಅದಕ್ಕೆ ತಕ್ಕಡಿ ಇಲ್ಲ. ಅಂದರೆ ನಾವು ಕಬ್ಬು ಬೆಳೆದು, ರೊಕ್ಕ ತಂದು, ಆ ರೊಕ್ಕದಿಂದ ಬೇಕಾದಷ್ಟು ಉಣ್ಣುತ್ತಿದ್ದೆವೆಂದು ತಿಳಿದದ್ದೇ ಸುಳ್ಳು. ಅರೆಹೊಟ್ಟೆ ಉಳಿದಿರಲಿಲ್ಲ, ಅರೆಪೋಷಣೆ ಉಳಿದಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇರುವದಾಗಿ ಕಂಡಿದೆ. ಆ 57ರಲ್ಲಿ ನಮ್ಮ ಮನೆಯವರೂ ಒಬ್ಬರಾಗಿದ್ದರು. ಸೊಪ್ಪು ತಿಂದ ಮಾತ್ರಕ್ಕೆ ಎಲ್ಲ ವಾಸಿಯಾಗುವದೆಂದು ನಾವು ಹೇಳುವದಿಲ್ಲ. ವೈದ್ಯರು ಕೊಟ್ಟ ಗುಳಿಗೆಯನ್ನು ನುಂಗಲೇಬೇಕು. ಆದರೆ ಗುಳಿಗೆ ತೀರಿದ ಮೇಲೂ ಗಂಗಾಳ ಇರುವದಷ್ಟೆ.

ಗಣಿತದ ಮಾಸ್ತರರ ಹತ್ತು ಗುಂಟೆ

ಈ ಗಂಗಾಳದ ಲೆಕ್ಕವನ್ನು ಹೊಲಕ್ಕೆ ಹಚ್ಚಿದವರು ನಮ್ಮ ಜಿಲ್ಲೆಯಲ್ಲೇ ಒಬ್ಬರಿದ್ದರು. ಅವರು ಶ್ರೀಪಾದ ಅಚ್ಯುತ ದಾಭೋಲಕರ. ಗಾರಗೋಟಿಯ ಮೌನಿ ವಿದ್ಯಾಪೀಠದಲ್ಲಿ ಗಣಿತ ಕಲಿಸುತ್ತಿದ್ದ ಇವರು ಒಕ್ಕಲುತನವನ್ನೂ ಗಣಿತದ ಕಣ್ಣಿನಿಂದಲೇ ನೋಡಿದರು. ಗಿಡದ ಎಲೆ ಎಂದರೆ ಬಿಸಿಲನ್ನು ಹಿಡಿಯುವ ಬುಟ್ಟಿ; ನೆಲದ ಮೇಲೆ ಬಿದ್ದ ಬಿಸಿಲು ಎಷ್ಟು ಎಲೆಗೆ ಸಿಕ್ಕಿತು, ಎಷ್ಟು ಬರಿ ಮಣ್ಣಿಗೆ ಬಿದ್ದು ಹಾಳಾಯಿತು ಎಂಬುದರ ಮೇಲೆ ಸುಗ್ಗಿ ನಿಂತಿದೆ ಎಂದು ಅವರು ಕಲಿಸಿದರು. ಹತ್ತು ಗುಂಟೆ ಅಂದರೆ ಕಾಲು ಎಕರೆ ಭೂಮಿಯನ್ನು ಈ ರೀತಿ ಜಾಣತನದಿಂದ ಬಳಸಿದರೆ ಐದು ಜನರ ಕುಟುಂಬ ನಡೆದೀತೆಂಬುದು ಅವರ ವಾದ. ಅವರು ಕಟ್ಟಿದ ‘ಪ್ರಯೋಗ ಪರಿವಾರ’ದಲ್ಲಿ ರೈತರು ತಮ್ಮ ತಮ್ಮ ಹೊಲದ ಅನುಭವವನ್ನು ಒಬ್ಬರಿಗೊಬ್ಬರು ಕಲಿಸುತ್ತಿದ್ದರು. ತಾಸಗಾಂವ ಕಡೆಯ ದ್ರಾಕ್ಷಿಯ ಬೆಳೆಗಾರರು ಅದರಿಂದ ಬಹಳ ಕಲಿತರು. ದಾಭೋಲಕರರು 2001ರಲ್ಲಿ ತೀರಿಕೊಂಡರು; ಅವರ ‘ಪ್ಲೆಂಟಿ ಫಾರ್ ಆಲ್’ ಎಂಬ ಇಂಗ್ಲಿಷ ಪುಸ್ತಕ ಉಳಿದಿದೆ.

ನಮ್ಮ ಊರ ಮಣ್ಣಿಗೆ, ನಮ್ಮ ಕೈಗೆ ಹತ್ತು ಗುಂಟೆ ಸಾಲಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುವೆವು. ಸಾಲಿಯ ಕೆಲಸ ಮುಗಿಸಿ ಬೆಳಗಿನ ಒಂದು ತಾಸು, ಸಂಜೆಯ ಒಂದು ತಾಸು ದುಡಿಯುವವರಿಗೆ ಅವರಷ್ಟು ಜಾಣತನ ಬಂದೀತೆ? ನಾವು ಮೂರು ಎಕರೆಯಲ್ಲಿ ಇಪ್ಪತ್ತು ಗುಂಟೆ, ಅಂದರೆ ಅರ್ಧ ಎಕರೆ ತೆಗೆದಿಟ್ಟೆವು. ಉಳಿದ ಎರಡೂವರೆ ಎಕರೆ ಇಂದಿಗೂ ಕಬ್ಬೇ.

ಇಪ್ಪತ್ತು ಗುಂಟೆಯ ಹಂಚಿಕೆ

ಮೊದಲು ಜಾಗದ ಮಾತು. ನೀರು ನಿಲ್ಲದ, ಪೂರ ಮುಟ್ಟದ ಏರಿನ ಭೂಮಿಯನ್ನೇ ಇದಕ್ಕೆ ಆರಿಸಬೇಕು. ಒಳ್ಳೆಯ ಏರಿನ ಭೂಮಿ ಕಬ್ಬಿಗಿರಲಿ, ಮೂಲೆಯ ತಗ್ಗು ಪಲ್ಯಕ್ಕಿರಲಿ ಎನ್ನುವದು ನಮ್ಮೆಲ್ಲರ ಚಾಳಿ. ಇದು ಗಂಗಾಳಕ್ಕೆ ಮಾಡುವ ಮೊದಲನೆಯ ಅವಮಾನ.

ಹತ್ತು ಗುಂಟೆ ಕಾಳಿಗೆ. ಮಿರಗದ ಮಳೆಗೆ ಹೆಸರು ಬಿತ್ತುವೆವು. ಆಗಸ್ಟದ ಹೊತ್ತಿಗೆ ಅದು ಕೈಗೆ ಬರುವದು. ಬಳ್ಳಿ ಹೊಲದಲ್ಲೇ ಮಣ್ಣಾಗುವದು. ಉತ್ತರಿ ಇಲ್ಲವೆ ಹಸ್ತದ ಮಳೆಯ ಹಸಿಗೆ ಅದೇ ನೆಲದಲ್ಲಿ ಹಿಂಗಾರಿ ಜೋಳ. ಬೀಜ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಕೇಂದ್ರದಿಂದ ಬಂದ ಎಂ 35-1 ಎಂಬುದು ಈ ಜಾತಿಯದೇ. ಕಾಳು ಮುತ್ತಿನಂತೆ, ರೊಟ್ಟಿ ಬಿಳಿದು ಮತ್ತು ಸಿಹಿ, ಕಣಕಿಯನ್ನು ದನ ಬಿಡದೆ ತಿನ್ನುವವು. ಆರು ಸಾಲು ಜೋಳಕ್ಕೆ ಎರಡು ಸಾಲು ಕಡಲೆ. ಸುತ್ತಲೂ ಕುಸುಬಿಯ ಸಾಲು. ಅದರ ಮುಳ್ಳಿಗೆ ಹಾದಿಯ ದನ ಒಳಗೆ ಬಾಯಿ ಹಾಕುವದಿಲ್ಲ, ಕಾಳು ಗಾಣಕ್ಕೆ ಬರುವದು.

ನಾಲ್ಕು ಗುಂಟೆ ತೊಗರಿಗೆ. ಸಾಲುಗಳನ್ನು ಅಗಲವಾಗಿ ಬಿಟ್ಟು ನಡುವೆ ಅಲಸಂದಿ, ಮಡಿಕೆ, ಎಳ್ಳು, ಪುಂಡಿ ಬಿತ್ತುವೆವು. ಇವೆಲ್ಲ ತೊಗರಿ ಹರಡಿಕೊಳ್ಳುವ ಮುಂಚೆಯೇ ತಮ್ಮ ಪಾಲಿನ ಬಿಸಿಲು ಉಂಡು ಎದ್ದುಹೋಗುವವು. ದಾಭೋಲಕರರ ಬಿಸಿಲಿನ ಲೆಕ್ಕವೂ ನಮ್ಮ ಅಜ್ಜಂದಿರ ಅಕ್ಕಡಿಯೂ ಇಲ್ಲಿ ಒಂದೇ ಆಗುವವು.

ನಾಲ್ಕು ಗುಂಟೆ ಕಾಯಿಪಲ್ಯಕ್ಕೆ. ಇಲ್ಲಿ ಒಂದು ಯುಕ್ತಿ ಇದೆ. ಮೆಂತ್ಯೆ, ರಾಜಗಿರಿ, ಸಬ್ಬಸಿಗೆ, ಪಾಲಕಗಳನ್ನು ಒಮ್ಮೆಲೆ ಬಿತ್ತಿದರೆ ಒಂದು ವಾರ ಹಬ್ಬ, ಮೂರು ವಾರ ಉಪವಾಸ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಒಂದೊಂದು ಸಣ್ಣ ಮಡಿ ಬಿತ್ತುತ್ತ ಹೋಗಬೇಕು. ಬದನೆ, ಬೆಂಡೆ, ಚವಳಿ, ಮೆಣಸಿನಕಾಯಿಗಳು ನಡುವೆ. ಹೀರೆ, ಹಾಗಲ, ಪಡವಲಗಳು ಬೇಲಿಯ ಮೇಲೆ.

ಉಳಿದ ಎರಡು ಗುಂಟೆ ಗಿಡಗಳಿಗೆ: ನುಗ್ಗೆ, ಕರಿಬೇವು, ನಿಂಬೆ, ಪೇರಲ, ಪಪ್ಪಾಯಿ, ನಾಲ್ಕು ಬಾಳೆ. ಎತ್ತರದ ಗಿಡ ಉತ್ತರದ ದಂಡೆಗೇ ಇರಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವದರಿಂದ ನೆರಳು ಹೊರಗೆ ಬೀಳುವದು, ಪಲ್ಯದ ಮಡಿಗೆ ಬಿಸಿಲು ತಪ್ಪುವದಿಲ್ಲ.

ಮಣ್ಣಿಗೆ ಊಟ

ನಮ್ಮ ಕಡೆಗೆ ತಿಪ್ಪೆಗೊಬ್ಬರ ಕಡಿಮೆಯಾಗಿದೆ. ಎತ್ತು ಹೋದವು, ಟ್ರ್ಯಾಕ್ಟರ ಹೆಂಡಿ ಹಾಕುವದಿಲ್ಲ. ಆದರೆ ಕಬ್ಬಿನ ನಾಡಿನಲ್ಲಿ ರವದಿಗೆ ಬರವಿಲ್ಲ. ಎಕರೆಗೆ ಮೂರು-ನಾಲ್ಕು ಟನ್ ರವದಿ ಬರುವದು, ಅದಕ್ಕೆ ನಾವು ಬೆಂಕಿ ಹಚ್ಚುವೆವು. ಒಂದೇ ತಾಸಿನಲ್ಲಿ ವರ್ಷದ ಗೊಬ್ಬರ ಹೊಗೆಯಾಗುವದು. ನಮ್ಮ ಹೊಳೆಯಾಚೆ ಬೇಡಕಿಹಾಳದ ಸುರೇಶ ದೇಸಾಯಿಯವರು ರವದಿಯನ್ನು ಸುಡದೆ ಕಬ್ಬಿನ ಸಾಲಿನ ನಡುವೆ ಹೊದಿಸಿ, ನೀರನ್ನೂ ಗೊಬ್ಬರವನ್ನೂ ಉಳಿಸಿ ಕಬ್ಬು ಬೆಳೆದು ಹೆಸರಾದವರು. ಅದನ್ನು ಕೇಳಿ ನಾವೂ ನಮ್ಮ ಕಬ್ಬಿಗೆ ರವದಿ ಹೊದಿಸುವೆವು, ಮಿಕ್ಕದ್ದನ್ನು ಪಲ್ಯದ ಹೊಲಕ್ಕೆ ತರುವೆವು.

ದಾಭೋಲಕರರ ದಾರಿಯವರು ‘ಅಮೃತಜಲ’ ಎಂದು ಕರೆಯುವ ನೀರನ್ನು ಮಾಡುವ ರೀತಿ ಸುಲಭ. ಒಂದು ಕಿಲೋ ಹಸಿ ಸಗಣಿ, ಒಂದು ಲೀಟರ ಗೋಮೂತ್ರ, 50 ಗ್ರಾಂ ಕಪ್ಪು ಬೆಲ್ಲ, ಹತ್ತು ಲೀಟರ ನೀರು. ಇವನ್ನು ಕೂಡಿಸಿ ಮೂರು ದಿನ ಇಡಬೇಕು. ದಿನಕ್ಕೆ ಎರಡು-ಮೂರು ಸಲ ಕೋಲಿನಿಂದ ಕಲಕಬೇಕು. ನಾಲ್ಕನೆಯ ದಿನ ಇದಕ್ಕೆ 100 ಲೀಟರ ನೀರು ಬೆರೆಸಿ, ಕತ್ತರಿಸಿದ ಒಣ ರವದಿ-ಎಲೆಗಳನ್ನು ಅದರಲ್ಲಿ ಒಂದು ದಿನ ನೆನೆಯಿಟ್ಟು, ಒಂದು ಪದರ ರವದಿ ಒಂದು ತೆಳ್ಳನೆಯ ಪದರ ಮಣ್ಣು ಎಂದು ಒಂದು ಅಡಿ ಎತ್ತರದ ಮಡಿ ಒಟ್ಟಬೇಕು. ಹಸಿ ಆರದಂತೆ ನೋಡಿಕೊಂಡು ವಾರಕ್ಕೊಮ್ಮೆ ಮಗುಚಬೇಕು. ತಿಂಗಳಾದ ಮೇಲೆ ಅದರ ಮೇಲೆ ಕಾಳು-ಎಣ್ಣೆಕಾಳು-ಸಾಂಬಾರ ಎಂದು ಹತ್ತಾರು ತರದ ಬೀಜ ಚೆಲ್ಲಿ, 21, 42, 63ನೆಯ ದಿನಗಳಿಗೆ ಎಳೆಯ ಸೊಪ್ಪನ್ನು ಕತ್ತರಿಸಿ ಅಲ್ಲೇ ಕೂಡಿಸಿದರೆ ಮಣ್ಣು ಕೈಯಲ್ಲಿ ಹಿಡಿದರೆ ಉದುರುವಷ್ಟು ಹಗುರಾಗುವದು. ಒಂದು ಆಕಳಿದ್ದ ಮನೆಗೂ ಇದು ಸಾಧ್ಯ.

ನಾವು ಎಡವಿದ್ದು

ಇಷ್ಟನ್ನು ಓದಿ ಎಲ್ಲ ಸಲೀಸಾಗಿ ಆಯಿತೆಂದು ಯಾರೂ ತಿಳಿಯಬಾರದು. ಮೊದಲನೆಯ ತಪ್ಪು ಬೀಜದ್ದು. ಅಂಗಡಿಯ ಸಂಕರ ಬೆಂಡೆಯಿಂದ ಬೀಜ ಹಿಡಿದು ಮರುವರ್ಷ ಹಾಕಿದೆವು. ಒಂದು ಗಿಡ ಮೊಣಕಾಲಷ್ಟು, ಒಂದು ತಲೆಯಷ್ಟು. ಕಾಯಿಯೂ ಒಂದೊಂದು ತರ. ಸಂಕರ ಬೀಜ ಮರುಬಿತ್ತನೆಗೆ ಬಾರದೆಂಬುದನ್ನು ಪುಸ್ತಕದಲ್ಲಿ ಓದಿದ್ದೆವು, ಹೊಲದಲ್ಲಿ ಮರೆತೆವು. ಆಮೇಲೆ ಹಳೆಯ ಮುದುಕಿಯರ ಮನೆಮನೆ ತಿರುಗಿ, ಬೂದಿಯಲ್ಲಿ ಕಟ್ಟಿಟ್ಟ ಜವಾರಿ ಬೀಜ ಬೇಡಿ ತಂದೆವು. ಈ ಕೆಲಸದಲ್ಲಿ ಹೆಂಗಸರೇ ನಮಗೆ ಗುರುಗಳು. ಅಹಮದನಗರ ಜಿಲ್ಲೆಯ ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆಯವರು ಜವಾರಿ ಬೀಜ ಕಾಯ್ದದ್ದಕ್ಕೇ 2020ರ ಪದ್ಮಶ್ರೀ ಪಡೆದರು. ಆ ಜಿಲ್ಲೆಗೆ ಈಗ ಅಹಿಲ್ಯಾನಗರವೆಂದು ಹೆಸರು. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಸಿರಿಧಾನ್ಯಗಳ ಬೀಜ ಕೂಡಿಟ್ಟು ಹಂಚಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು.

ಎರಡನೆಯದು ಗಾಳಿಯ ಕಾಟ. ಪಕ್ಕದ ಕಬ್ಬಿಗೆ ಹೊಡೆದ 2,4-ಡಿ ಎಂಬ ಕಳೆಯ ಔಷಧ ಗಾಳಿಗೆ ಬಂದು, ನಮ್ಮ ಟೊಮೆಟೊ ಮತ್ತು ತೊಗರಿಯ ಎಲೆಗಳೆಲ್ಲ ಸುರುಟಿದವು. ಆ ಔಷಧ ಹುಲ್ಲಿನ ಜಾತಿಯ ಕಬ್ಬನ್ನು ಬಿಟ್ಟು ಅಗಲ ಎಲೆಯ ಗಿಡವನ್ನು ಹಿಡಿಯುವದು. ಜಗಳಕ್ಕೆ ನಿಲ್ಲದೆ, ಒಂದು ಬುಟ್ಟಿ ಬದನೆಕಾಯಿ ಹಿಡಿದು ನೆರೆಯವರ ಮನೆಗೆ ಹೋಗಿ ಮಾತಾಡಿದೆವು. ಈಗ ಅವರು ಗಾಳಿ ನಮ್ಮ ಕಡೆಗಿದ್ದ ದಿನ ಪಂಪು ಹೊರುವದಿಲ್ಲ. ನಾವೂ ಆ ಬದುವಿನ ಮೇಲೆ ದಟ್ಟವಾಗಿ ನುಗ್ಗೆ-ಗ್ಲಿರಿಸಿಡಿಯಾ ಹಚ್ಚಿದ್ದೇವೆ.

ಮೂರನೆಯದೇ ದೊಡ್ಡದು. ಸುತ್ತಮುತ್ತ ಬರೀ ಕಬ್ಬು, ನಡುವೆ ನಮ್ಮ ಹತ್ತು ಗುಂಟೆ ಜೋಳ. ಊರ ಹಕ್ಕಿಗಳಿಗೆಲ್ಲ ಅದೇ ಛತ್ರವಾಯಿತು. ಮೊದಲ ವರ್ಷ ಕಣಕ್ಕೆ ಬಂದದ್ದು ಒಂದು ಚೀಲ. ನಮ್ಮ ಅಪ್ಪ ಆ ಚೀಲದ ಹತ್ತಿರ ನಿಂತು, “ಅರ್ಧ ಎಕರೆ ಕಬ್ಬಂದ್ರ ಇಪ್ಪತ್ತು ಟನ್ ಆಗ್ತಿತ್ತು. ಇದನ್ನ ತಗೊಂಡು ಬ್ಯಾಂಕಿಗೆ ಹೋಗ್ತೀಯೇನೊ ಮಾಸ್ತರಾ?” ಎಂದರು. ತಲೆ ಎತ್ತಲಾಗಲಿಲ್ಲ. ಆದರೆ ಆ ರಾತ್ರಿ ಅವ್ವ ಹೊಸ ಜೋಳದ ರೊಟ್ಟಿ ಬಡಿದಾಗ, ಎರಡೇ ರೊಟ್ಟಿ ಉಣ್ಣುವ ಅಪ್ಪ ಸುಮ್ಮನೆ ಮೂರನೆಯದನ್ನು ಕೇಳಿದರು. ಮರುವರ್ಷ ಜೋಳ ಬಿತ್ತುವಾಗ ಕೂರಿಗೆಯ ಹಿಂದೆ ಅವರೇ ನಿಂತರು.

ಒಬ್ಬನೇ ಬೆಳೆದರೆ ಹಕ್ಕಿಗೆ, ನಾಲ್ವರು ಬೆಳೆದರೆ ಮನೆಗೆ. ಎರಡನೆಯ ವರ್ಷ ಒಂದೇ ಬದುವಿನ ನಾಲ್ಕು ಮನೆಯವರನ್ನು ಒಡಂಬಡಿಸಿ, ಜೋಳದ ಪಟ್ಟಿಗಳನ್ನು ಒಂದಕ್ಕೊಂದು ಹತ್ತಿ ಒಂದೇ ವಾರದಲ್ಲಿ ಬಿತ್ತಿದೆವು. ಕವಣೆ ಬೀಸುವ ಪಾಳಿ ಹಂಚಿಕೊಂಡೆವು. ಹಕ್ಕಿ ತಿಂದದ್ದು ನಾಲ್ಕು ಪಾಲಾಯಿತು, ನಮಗೆ ಎರಡೂವರೆ ಚೀಲ ಉಳಿಯಿತು. ಪ್ರಯೋಗ ಪರಿವಾರದ ಗುಟ್ಟು ಪರಿವಾರ ಎಂಬ ಮಾತಿನಲ್ಲೇ ಇದೆ ಎಂಬುದು ನಮಗೆ ಹೀಗೆ ತಿಳಿಯಿತು.

ಬೆಳೆಯಲಾಗದ್ದನ್ನು ಅರಿತು ತರುವದು

ಎಲ್ಲವನ್ನೂ ನಾವೇ ಬೆಳೆಯುತ್ತೇವೆಂಬ ಹಟ ಬೇಡ. ನಮ್ಮ ಜೋಳ ವರ್ಷದ ಏಳೆಂಟು ತಿಂಗಳಿಗೆ ಆಗುವದು. ಉಳಿದದ್ದನ್ನು ಜತ್ತ ತಾಲೂಕಿನ ಬೀಗರ ಕಡೆಯಿಂದ ತರುವೆವು. ಅವರಿಗೆ ನಮ್ಮ ಬೆಲ್ಲ ಕೊಡುವೆವು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಬಂಧುಗಳು ಜೋಳ, ತೊಗರಿ, ಸಜ್ಜೆಗಳನ್ನು ಇನ್ನೂ ಕೈಬಿಟ್ಟಿಲ್ಲ. ಅವರಿಗೊಂದು ಮಾತು: ಇಂದಲ್ಲ ನಾಳೆ ಕಾಲುವೆಯ ನೀರು ನಿಮ್ಮ ಹೊಲಕ್ಕೂ ಬಂದಾಗ ಎಲ್ಲ ಹೊಲವನ್ನು ಕಬ್ಬಿಗೆ ಕೊಡಬೇಡಿರಿ. ನಾವು ಬಿಟ್ಟು ಮರಳಿ ಹುಡುಕುತ್ತಿರುವದು ನಿಮ್ಮ ಕೈಯಲ್ಲಿ ಇನ್ನೂ ಇದೆ.

ಬೆಲ್ಲದ ವಿಷಯದಲ್ಲೂ ಕಣ್ಣು ತೆರೆದಿರಬೇಕು. ಬಂಗಾರದ ಬಣ್ಣದ ಬೆಲ್ಲಕ್ಕೆ ದರ ಹೆಚ್ಚೆಂದು ಕೆಲವು ಗಾಣಗಳಲ್ಲಿ ಹೈಡ್ರೋಸ್ ಎಂಬ ಪುಡಿ ಹಾಕಿ ಬಣ್ಣ ತಿಳಿಮಾಡುವರು. ಬೆಂಡೆಗಿಡದ ಲೋಳೆಯಿಂದ ಕಸ ತೆಗೆದ, ತುಸು ಕಪ್ಪಿಗಿದ್ದ ಬೆಲ್ಲವೇ ಮನೆಗೆ ಲೇಸು. ಎಣ್ಣೆಯೂ ಹಾಗೆಯೇ: ನಮ್ಮ ಕುಸುಬಿ, ನಾಲ್ಕು ಮನೆಯ ಶೇಂಗಾ ಕೂಡಿಸಿ ಗಾಣಕ್ಕೆ ಒಯ್ದು ಹಾಕಿಸಿದರೆ ಎಣ್ಣೆ ಮನೆಗೆ, ಹಿಂಡಿ ದನಕ್ಕೆ.

ರೊಕ್ಕದ ಲೆಕ್ಕ

ಅಪ್ಪನ ಪ್ರಶ್ನೆಗೆ ಉತ್ತರ ಕೊಡದೆ ಮುಗಿಸಿದರೆ ಮೋಸವಾದೀತು. ಕೇಂದ್ರ ಸರಕಾರವು 2025-26ರ ಹಂಗಾಮಿಗೆ 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ದರ ಕಟ್ಟಿತು. ಅರ್ಧ ಎಕರೆಯ ಇಪ್ಪತ್ತು ಟನ್ನಿಗೆ 71,000 ರೂಪಾಯಿ. ಇದರಲ್ಲಿ ಕಡಿತ-ಸಾಗಾಟ ಕಳೆಯಿರಿ. ಬೀಜ, ಗೊಬ್ಬರ, ನೀರುಪಟ್ಟಿ, ಆಳು ಕಳೆಯಿರಿ. ಹದಿನಾಲ್ಕು ತಿಂಗಳ ಕಾಯುವಿಕೆಯನ್ನೂ ಎಣಿಸಿರಿ. ನಮ್ಮ ವಹಿಯಲ್ಲಿ ಕೈಗೆ ಉಳಿಯುತ್ತಿದ್ದುದು ಅದರ ಅರ್ಧಕ್ಕೂ ಕಡಿಮೆ. ಆದರೂ ಅದು ಒಂದೇ ಗಂಟಿನಲ್ಲಿ ಬರುವ ರೊಕ್ಕ. ಮಗಳ ಶುಲ್ಕಕ್ಕೆ, ಬ್ಯಾಂಕಿನ ಕಂತಿಗೆ ಆಗುವ ರೊಕ್ಕ. ಇಪ್ಪತ್ತು ಗುಂಟೆಯ ಹೊಲ ಅಂಥ ಗಂಟು ಕೊಡುವದಿಲ್ಲ. ಅದು ದಿನಾ ಒಂದು ಉಡಿ ಪಲ್ಯ, ತಿಂಗಳಿಗಿಷ್ಟು ಬೇಳೆ ಎಂದು ಚಿಲ್ಲರೆಯಲ್ಲಿ ಕೊಡುವದು. ಚಿಲ್ಲರೆಯ ಲೆಕ್ಕ ಯಾವ ವಹಿಯಲ್ಲೂ ಬರುವದಿಲ್ಲ, ಮೈಯಲ್ಲಿ ಬರುವದು. ಆದ್ದರಿಂದಲೇ ನಾವು ಎರಡೂವರೆ ಎಕರೆ ಕಬ್ಬು ಉಳಿಸಿಕೊಂಡದ್ದು. ಕಬ್ಬು ಪೇಟೆಯ ಖರ್ಚಿಗೆ, ಅಕ್ಕಡಿ ಗಂಗಾಳಕ್ಕೆ. ಸಾಲದ ಹೊರೆ ಇದ್ದವರು ಒಮ್ಮೆಲೆ ಇಪ್ಪತ್ತು ಗುಂಟೆ ತೆಗೆಯಬೇಡಿರಿ. ಮೊದಲ ವರ್ಷ ನಾಲ್ಕು ಗುಂಟೆ ಪಲ್ಯದಿಂದಲೇ ಸುರು ಮಾಡಿರಿ. ಹೊಲವೇ ಇಲ್ಲದವರು ಬಚ್ಚಲ ನೀರಿಗೆ ಎರಡು ಬಾಳೆ, ಒಂದು ನುಗ್ಗೆ, ಚಪ್ಪರಕ್ಕೊಂದು ಹೀರೆ ಹಚ್ಚಿರಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೇ ಸುಳ್ಳು ಮಾಡಬೇಕಾಗಿದೆ.

ನೋಡಿ ಕಲಿಯಬೇಕೆನ್ನುವವರು ಕೊಲ್ಲಾಪುರದ ಹತ್ತಿರದ ಕನೇರಿಯ ಸಿದ್ಧಗಿರಿ ಮಠದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿಬರಬೇಕು. ಒಂದೇ ಎಕರೆಯಲ್ಲಿ ನೂರಕ್ಕೂ ಮಿಕ್ಕಿದ ತರದ ಬೆಳೆ ತೆಗೆಯುವ ‘ಲಖಪತಿ ಶೇತಿ’ಯನ್ನು ಅಲ್ಲಿ ಬೆಳೆಸಿ ತೋರಿಸಿರುವರು.

ಬರುವ ಮಿರಗಕ್ಕೆ

ಮಹಾರಾಷ್ಟ್ರದ ಸಾಲಿಗಳಲ್ಲಿ ‘ಪರಸಬಾಗ’ ಮಾಡಿಸುವ ಪದ್ಧತಿ ಈಗ ಬಂದಿದೆ. ನಮ್ಮ ಮಕ್ಕಳೂ ಸಾಲಿಯ ಹಿಂದೆ ಪಲ್ಯ ಬೆಳೆದು ಮಧ್ಯಾಹ್ನದ ಊಟದ ಸಾರಿಗೆ ಹಾಕುವರು. ಪ್ರತಿ ವರ್ಷ ಕಾರಹುಣ್ಣಿವೆಯ ಹಿಂದುಮುಂದಿನ ಒಂದು ದಿನ ಅವರು ಮನೆಯಿಂದ ಒಂದೊಂದು ಹಿಡಿ ಬೀಜ ತರುವರು. ತಂದಷ್ಟೇ ಬೇರೆಯವರದನ್ನು ಒಯ್ಯುವರು. ಮೊದಲ ವರ್ಷ ಮೂರು ತರ ಬಂದಿದ್ದವು. ಹೋದ ವರ್ಷ ಹತ್ತೊಂಬತ್ತು ತರ ಬಂದವು.

ಹಲಗೆಯ ಮೇಲಿನ ಆ ಗೆರೆಯನ್ನು ನಾವು ವರ್ಷಕ್ಕೊಮ್ಮೆ ಎಳೆಯುತ್ತೇವೆ. ಅಂಗಡಿಯ ಪಟ್ಟಿ ಇನ್ನೂ ಉದ್ದವೇ ಇದೆ. ಆದರೆ ಹೊಲದ ಪಟ್ಟಿಯಲ್ಲಿ ಈಗ ಹಾಲು-ಕರಿಬೇವುಗಳ ಕೆಳಗೆ ಜೋಳ, ಹೆಸರು, ಮೆಂತ್ಯೆ, ಬದನೆ, ನುಗ್ಗೆ ಎಂದು ಬರೆಯಬೇಕಾಗುವದು. ವಾಚಕ ಬಂಧುಗಳೇ, ಈ ರಾತ್ರಿ ಉಣ್ಣಲು ಕೂತಾಗ ನಿಮ್ಮ ಗಂಗಾಳದ ನಡುವೆಯೂ ಅಂಥದೊಂದು ಗೆರೆ ಎಳೆದು ನೋಡಿರಿ. ನಿಮ್ಮ ಹೊಲದ ಪಾಲಿನಲ್ಲಿ ಏನೂ ಕಾಣದಿದ್ದರೆ, ಬರುವ ಮಿರಗದ ಮುಂಚೆ ಏರಿನ ಮೇಲೆ ನಾಲ್ಕು ಗುಂಟೆ ಹರಗಿ ಇಡಿರಿ. ಬೀಜ ಇಲ್ಲದಿದ್ದರೆ ನಿಮ್ಮ ಓಣಿಯ ಹಳೆಯ ಮುದುಕಿಯರನ್ನು ಕೇಳಿರಿ. ಅವರ ಗಂಟಿನಲ್ಲಿ ಇದ್ದೇ ಇರುವದು.